‘ನಿಷ್ಕ್ರಿಯಗೊಳಿಸು’: ಒಂದು ಪಾರಿಭಾಷಿಕ ಪದದ ವಿಮರ್ಶೆ

ಕನ್ನಡ ತಂತ್ರಾಂಶಗಳಲ್ಲಿ ‘ಎನೇಬಲ್’, ‘ಡಿಸೇಬಲ್’ ಎಂಬ ಆಜ್ಞೆಗಳಿಗೆ ‘ಸಕ್ರಿಯಗೊಳಿಸು’, ‘ನಿಷ್ಕ್ರಿಯಗೊಳಿಸು’ ಎಂಬ ಜೋಡಿ ರೂಢಿಗೆ ಬಂದಿದೆ. ಮೊಬೈಲಿನ ಮಟ್ಟಿಗೆ ಇದರಿಂದ ಹಾನಿಯಿಲ್ಲ. ಆದರೆ ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಹಿನ್ನೆಲೆಯಲ್ಲಿ ನಡೆಯುವ ಸೇವೆಗಳನ್ನು ವಿವರಿಸುವಲ್ಲಿ ಇದು ಅರ್ಥವನ್ನೇ ಕೆಡಿಸುತ್ತದೆ.

2010ರಲ್ಲಿ ಬಂದು ಈಗ ಬಹುತೇಕ ಪ್ರಮುಖ ಲಿನಕ್ಸ್ ಆವೃತ್ತಿಗಳಲ್ಲಿ ನೆಲೆಯೂರಿರುವ ‘ಸಿಸ್ಟಮ್‌ಡಿ’ಯನ್ನೇ ನೋಡಬಹುದು. ಅಲ್ಲಿ ‘ಸ್ಟಾಪ್’ ನಡೆಯುತ್ತಿರುವ ಸೇವೆಯನ್ನು ನಿಲ್ಲಿಸುತ್ತದೆ. ‘ಡಿಸೇಬಲ್’ ಗಣಕ ಮತ್ತೆ ಚಾಲೂ ಆದಾಗ ಸೇವೆ ತಾನಾಗಿ ಆರಂಭವಾಗುವ ಏರ್ಪಾಟನ್ನು ತೆಗೆಯುತ್ತದೆಯೇ ಹೊರತು ಈಗ ನಡೆಯುತ್ತಿರುವುದನ್ನು ಮುಟ್ಟುವುದಿಲ್ಲ. ‘ಮಾಸ್ಕ್’ ಮಾಡಿದರೆ ಕೈಯಿಂದಲೂ ಆರಂಭಿಸಲಾಗದು. ಆದ್ದರಿಂದ ‘ಡಿಸೇಬಲ್’ ಆದ ಸೇವೆ ‘ಆಕ್ಟಿವ್’ ಆಗಿರುವುದು ಸಹಜ. ರೂಢಿಯ ಪದಗಳಲ್ಲಿ ಇದು ‘ನಿಷ್ಕ್ರಿಯಗೊಳಿಸಲಾಗಿದೆ, ಸಕ್ರಿಯವಾಗಿದೆ’ ಎಂದಾಗುತ್ತದೆ! ಕನ್ನಡದಲ್ಲಿ ಕಲಿತ ವಿದ್ಯಾರ್ಥಿ ದೂರಪ್ರವೇಶದ ಸೇವೆಯೊಂದನ್ನು ‘ನಿಷ್ಕ್ರಿಯಗೊಳಿಸಿ’ ನಿಶ್ಚಿಂತನಾದರೆ, ಆ ಬಾಗಿಲು ತೆರೆದೇ ಇರುತ್ತದೆ.

ಈ ಭೇದವನ್ನು ಹೇಳುವ ಶಕ್ತಿ ಕನ್ನಡಕ್ಕಿಲ್ಲವೆನ್ನಲಾಗದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಕೊಳವೆಬಾವಿಯನ್ನು ನೆಚ್ಚಿದ ಒಣಸೀಮೆಯವು. ಇಲ್ಲಿನ ಮಕ್ಕಳು ಗಣಕಕ್ಕಿಂತ ಮೊದಲು ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಕಂಡಿರುತ್ತಾರೆ. ಕೆಂಪು ಗುಂಡಿ ಒತ್ತಿದರೆ ಮೋಟಾರು ನಿಲ್ಲುತ್ತದೆ. ಆದರೆ ‘ಆಟೋ’ ಹಾಕಿದ್ದರೆ, ತ್ರೀ ಫೇಸ್ ಕರೆಂಟು ಹೋಗಿ ಬಂದೊಡನೆ ತಾನಾಗಿ ಓಡತೊಡಗುತ್ತದೆ. ‘ಮೋಟಾರು ಆಫ್ ಮಾಡು’, ‘ಆಟೋ ತೆಗೆ’, ‘ಫ್ಯೂಸ್ ಕಿತ್ತಿಡು’ ಎಂಬ ಮೂರು ಮಾತುಗಳನ್ನು ಹೊಲದಲ್ಲಿ ಯಾರೂ ಒಂದೆಂದು ತಿಳಿಯುವುದಿಲ್ಲ. ಆಟೋ ತೆಗೆದ ಮೇಲೂ ಹಸಿರು ಗುಂಡಿ ಒತ್ತಿ ನೀರು ಹಾಯಿಸಬಹುದೆಂಬುದೂ ಅವರಿಗೆ ಗೊತ್ತು.

ಭಾಷಿಕವಾಗಿ ಗಮನಾರ್ಹವಾದದ್ದು ಇದು: ಇಂಗ್ಲಿಷಿನ ಆಜ್ಞೆಗಳು ಕರ್ಮವನ್ನು ಒಂದೇ ಇಟ್ಟು ಕ್ರಿಯಾಪದವನ್ನು ಬದಲಿಸುತ್ತವೆ, ಹೊಲದ ಕನ್ನಡದಲ್ಲಿ ಕರ್ಮಪದವೂ ಬದಲಾಗುತ್ತದೆ. ನಮ್ಮ ಅನುವಾದ ಮೊದಲನೆಯ ಮಾದರಿಗೆ ಜೋತುಬಿದ್ದು, ಸೇವೆಯನ್ನೇ ಕರ್ಮವಾಗಿಸಿ, ಅದಕ್ಕೆ ‘-ಗೊಳಿಸು’ ಹಚ್ಚಿದ್ದರಿಂದ ಸ್ಥಿತಿಯೂ ಏರ್ಪಾಟೂ ಬೆರೆತುಹೋದವು. ‘ಸ್ವಯಂ ಆರಂಭ ತೆಗೆ’ ಎಂದಿದ್ದರೆ ಗೊಂದಲವಿರುತ್ತಿರಲಿಲ್ಲ. ‘ಮಾಸ್ಕ್’ಗೆ ‘ಮರೆಮಾಡು’ ಎನ್ನುವುದಂತೂ ಸಲ್ಲದು, ಆ ಸೇವೆ ಎಲ್ಲಿಯೂ ಅಡಗುವುದಿಲ್ಲ. ‘ಆರಂಭ ನಿರ್ಬಂಧಿಸು’ ಹೆಚ್ಚು ನಿಖರ.

ಹೋಲಿಕೆಗೆ ಮಿತಿಯೂ ಉಂಟು. ಫ್ಯೂಸ್ ಕಿತ್ತರೆ ಓಡುತ್ತಿರುವ ಮೋಟಾರು ನಿಲ್ಲುತ್ತದೆ. ಬರಿಯ ‘ಮಾಸ್ಕ್’ನಿಂದ ಓಡುತ್ತಿರುವ ಸೇವೆ ನಿಲ್ಲದು, ಅದನ್ನು ಪ್ರತ್ಯೇಕವಾಗಿ ನಿಲ್ಲಿಸಬೇಕು.