ಅಳೆದದ್ದು ಯಾವ ಕಬ್ಬಿಣ?

ಮಹಿಳೆಯೊಬ್ಬರ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಇದ್ದರೆ 'ಕಬ್ಬಿಣಾಂಶ ಸರಿಯಿದೆ' ಎಂದುಬಿಡುವುದು ರೂಢಿ. ಅಳೆದದ್ದು ಒಂದು, ಹೇಳಿದ್ದು ಇನ್ನೊಂದು. ಭೌತವಿಜ್ಞಾನದ ಮೇಷ್ಟರಾದ ನನಗೆ ಇದು ಒಪ್ಪಿಗೆಯಾಗದು. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ದಾಸ್ತಾನು ಬರಿದಾದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯುತ್ತದೆ.

ಸೀರಮ್ ಕಬ್ಬಿಣದ ಪರೀಕ್ಷೆಯೂ ಸಾಲದು. ದೇಹದ 3-4 ಗ್ರಾಂ ಕಬ್ಬಿಣದಲ್ಲಿ ಅದಕ್ಕೆ ಸಿಗುವುದು ರಕ್ತರಸದಲ್ಲಿ ಸಾಗುತ್ತಿರುವ ಸುಮಾರು 3 ಮಿಲಿಗ್ರಾಂ ಮಾತ್ರ. ಬಸ್ಸಿನಲ್ಲಿರುವವರನ್ನು ಎಣಿಸಿ ಊರಿನ ಜನಸಂಖ್ಯೆ ಹೇಳಿದಂತೆ!

ದಾಸ್ತಾನನ್ನು ಸೂಚಿಸುವುದು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಸೋಂಕು, ಉರಿಯೂತಗಳಿದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಚುವುದರಿಂದ ಆಗಿನ ಮಿತಿ 70. ಈ ಮಿತಿಯನ್ನು ಮುದ್ರಿಸದ ವರದಿಯಲ್ಲಿ 40 ಎಂಬ ಅಂಕಿ 'ಸಹಜ'ವಾಗಿಬಿಡುತ್ತದೆ. ಉರಿಯೂತವನ್ನು ತಿಳಿಸುವ ಸಿಆರ್‌ಪಿ ಪರೀಕ್ಷೆಯೂ ಜೊತೆಗೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.