ಪರಾಜಯದ ಮುಂದೆ ಪ್ರೇಕ್ಷಕ

ಕ್ರಿಕೆಟ್ಟಿನ ವಿಮರ್ಶೆಯೆಂದರೆ ಆಟಗಾರರ ವಿಮರ್ಶೆಯೆಂದೇ ನಾವು ಬಹುಕಾಲದಿಂದ ಭಾವಿಸಿಕೊಂಡು ಬಂದಿದ್ದೇವೆ. ದಾಂಡಿಗನ ಹೆಜ್ಜೆ ತಪ್ಪಿದುದೆಲ್ಲಿ, ಬೌಲರನ ಅಳತೆ ಕೆಟ್ಟುದೆಲ್ಲಿ, ನಾಯಕನ ಎಣಿಕೆ ಹುಸಿಯಾದುದೆಲ್ಲಿ ಎಂಬ ವಿಚಾರಣೆಗೆ ಪತ್ರಿಕೆಗಳ ಪುಟಗಳು ಮೀಸಲಾಗಿವೆ; ಆದರೆ ಆ ಆಟವನ್ನು ಐದು ದಿನ ಕುಳಿತು ನೋಡಿ, ಗೆದ್ದರೆ ಕುಣಿದು ಸೋತರೆ ಕುದಿಯುವ ಪ್ರೇಕ್ಷಕನ ನಡತೆಯನ್ನು ಒರೆಗೆ ಹಚ್ಚಿ ನೋಡಿದವರು ವಿರಳ. ಕವಿಯ ಪ್ರತಿಭೆಯೊಡನೆ ಸಹೃದಯನ ಸಂಸ್ಕಾರವೂ ಕೂಡಿದಲ್ಲದೆ ರಸವು ಸಿದ್ಧಿಸದೆಂದು ನಮ್ಮ ಆಲಂಕಾರಿಕರು ಬಗೆದರು. ಟೆಸ್ಟ್ ಪಂದ್ಯಕ್ಕೂ ಈ ಮಾತು ಸಲ್ಲುವುದೆಂದೂ, ಆ ಸಂಸ್ಕಾರದ ಪರೀಕ್ಷೆ ನಡೆಯುವುದು ತನ್ನವರು ಸೋತ ಹೊತ್ತಿನಲ್ಲೆಂದೂ ನನ್ನ ದೃಢವಾದ ನಂಬಿಕೆ.

ಟೆಸ್ಟಿನ ಸೋಲು ಇತರ ಸೋಲುಗಳಂಥದಲ್ಲ. ಸೀಮಿತ ಓವರುಗಳ ಪಂದ್ಯವನ್ನು ಕೆಡಿಸಲು ಒಂದು ದುಬಾರಿ ಓವರು ಸಾಕು. ಇಲ್ಲಿಯಾದರೋ ಮೊದಲ ದಿನದ ಬೆಳಗ್ಗೆ ಕೈಜಾರಿದ ಕ್ಯಾಚು, ಎರಡನೆಯ ಸಂಜೆ ಎದುರಾಳಿಯ ಬಾಲಂಗೋಚಿಗಳು ಕೂಡಿಸಿಕೊಂಡ ನಲವತ್ತು ರನ್ನು, ದಿನದಿಂದ ದಿನಕ್ಕೆ ಸವೆದು ಬಿರುಕುಬಿಡುವ ಪಿಚ್ಚು, ಬಿಸಿಲಿನಲ್ಲಿ ಇಪ್ಪತ್ತು ಓವರು ಎಸೆದು ಬಳಲಿದ ತೋಳು, ಇವೆಲ್ಲವೂ ಸೇರಿ, ಯಾರ ಕಣ್ಣಿಗೂ ಒಮ್ಮೆಗೇ ಗೋಚರಿಸದಂತೆ ಸೋಲು ಮೆಲ್ಲಮೆಲ್ಲನೆ ರೂಪುಗೊಳ್ಳುತ್ತದೆ. ಹೀಗೆ ನಿಧಾನವಾಗಿ ಆದುದನ್ನು ನಿಧಾನವಾಗಿಯೇ ಅರಿಯಬೇಕು. ಕಡೆಯ ಗಳಿಗೆಯಲ್ಲಿ ಔಟಾದವನೊಬ್ಬನನ್ನು ಹಿಡಿದು ಇವನೇ ಕಾರಣನೆಂದು ಕೂಗುವ ಪ್ರೇಕ್ಷಕನು ಐದು ದಿನದ ಆಟವನ್ನು ಐದು ನಿಮಿಷಕ್ಕೆ ಇಳಿಸಿಬಿಡುತ್ತಾನೆ.

ಸೋಲನ್ನು ಹೀಗೆ ನಿಧಾನವಾಗಿ ಅರಿಯುವ ಕಲೆಯನ್ನು ಬಲ್ಲ ಪ್ರೇಕ್ಷಕ ಸಮುದಾಯದ ಅತ್ಯುನ್ನತ ನಿದರ್ಶನವನ್ನು ನಾನು 1999ರ ಜನವರಿ ತಿಂಗಳ ಕೊನೆಯ ದಿನ ಚೆನ್ನೈಯ ಚೆಪಾಕ್ ಮೈದಾನದಲ್ಲಿ ಕಾಣುತ್ತೇನೆ. ಪಾಕಿಸ್ತಾನದ ತಂಡವು ಹನ್ನೆರಡು ವರ್ಷಗಳ ಅನಂತರ ಟೆಸ್ಟ್ ಆಡಲು ಭಾರತಕ್ಕೆ ಬಂದಿದ್ದಿತು. ಅದು ಬರಕೂಡದೆಂದು ಹಟ ಹಿಡಿದವರು ದೆಹಲಿಯ ಕೋಟ್ಲಾ ಮೈದಾನದ ಪಿಚ್ಚನ್ನೇ ಅಗೆದು ಹಾಕಿದ್ದರಿಂದ ಮೊದಲನೆಯ ಟೆಸ್ಟನ್ನು ಚೆನ್ನೈಗೆ ಸಾಗಿಸಬೇಕಾಯಿತು. ದ್ವೇಷದ ಗಾಳಿ ಇಷ್ಟು ಬಲವಾಗಿ ಬೀಸುತ್ತಿದ್ದ ಹೊತ್ತಿನಲ್ಲಿ ನಡೆದ ಆ ಪಂದ್ಯದಲ್ಲಿ ಕನ್ನಡಿಗರ ಪಾತ್ರವೂ ಹಿರಿದಾಗಿಯೇ ಇದ್ದಿತು. ಮೊದಲ ಇನಿಂಗ್ಸಿನಲ್ಲಿ ಕುಂಬ್ಳೆಯವರು ಆರು ವಿಕೆಟ್ ಪಡೆದರು; ದ್ರಾವಿಡರು ಅರ್ಧಶತಕ ಗಳಿಸಿದರು; ಎರಡನೆಯ ಇನಿಂಗ್ಸಿನಲ್ಲಿ ಶಾಹಿದ್ ಅಫ್ರಿದಿ 141 ರನ್ ಬಾರಿಸಿ ಪಂದ್ಯವನ್ನು ಒಯ್ದೇಬಿಟ್ಟರೆಂದು ತೋರುತ್ತಿದ್ದಾಗ, ವೆಂಕಟೇಶ ಪ್ರಸಾದರು ಒಂದೂ ರನ್ ಕೊಡದೆ ಐದು ವಿಕೆಟ್ಟುಗಳನ್ನು ಉರುಳಿಸಿ ಗುರಿಯನ್ನು 271ಕ್ಕೆ ನಿಲ್ಲಿಸಿದರು.

82ಕ್ಕೆ ಐದು ವಿಕೆಟ್ ಕಳೆದುಕೊಂಡ ಭಾರತವನ್ನು ಸಚಿನ್ ತೆಂಡೂಲ್ಕರರು ಬೆನ್ನುನೋವನ್ನು ಸಹಿಸುತ್ತ, ನಯನ್ ಮೋಂಗಿಯಾ ಅವರ ಜೊತೆಗೂಡಿ, ಗೆಲುವಿನ ಹೊಸ್ತಿಲಿನವರೆಗೂ ತಂದು ನಿಲ್ಲಿಸಿದರು. ಇನ್ನು 17 ರನ್ ಬೇಕೆನ್ನುವಾಗ, 136 ಗಳಿಸಿದ್ದ ಅವರು ಸಕ್ಲೇನ್ ಮುಷ್ತಾಕರ ಎಸೆತವನ್ನು ಎತ್ತಿ ಹೊಡೆದರು. ಚೆಂಡು ವಾಸಿಂ ಅಕ್ರಮರ ಕೈಸೇರಿತು. ಆಮೇಲೆ ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥರು ಒಬ್ಬರ ಹಿಂದೊಬ್ಬರು ನಿರ್ಗಮಿಸಿದರು. ಶ್ರೀನಾಥರು ತಡೆದ ಚೆಂಡು ನೆಲಕ್ಕೆ ಬಿದ್ದು, ಹಿಂದಕ್ಕೆ ಉರುಳಿ ವಿಕೆಟ್ಟಿಗೆ ತಾಗಿದಾಗ ಭಾರತದ ಮೊತ್ತ 258. ನಾಲ್ಕು ರನ್ನುಗಳ ಅಂತರದಲ್ಲಿ ನಾಲ್ಕು ವಿಕೆಟ್ಟುಗಳು ಬಿದ್ದಿದ್ದವು. ಸೋಲು 12 ರನ್ನುಗಳದು. ಕ್ಷಣಕಾಲ ಸ್ತಬ್ಧವಾಗಿದ್ದ ಆ ಜನಸಮೂಹವು, ಪಾಕಿಸ್ತಾನದ ಆಟಗಾರರು ಮೈದಾನವನ್ನು ಪ್ರದಕ್ಷಿಣೆ ಮಾಡಲು ಹೊರಟಾಗ, ಎದ್ದು ನಿಂತು ಚಪ್ಪಾಳೆ ತಟ್ಟಿತು.

ಈ ಚಪ್ಪಾಳೆಯನ್ನು ಬರಿಯ ಸೌಜನ್ಯವೆಂದು ಹೊಗಳಿ ಮುಗಿಸುವುದು ಅದಕ್ಕೆ ಅನ್ಯಾಯ ಮಾಡಿದಂತೆ. ಸೌಜನ್ಯವು ನಿರ್ಲಿಪ್ತನಿಗೂ ಸಾಧ್ಯ. ಆದರೆ ಚೆಪಾಕಿನ ಜನ ನಿರ್ಲಿಪ್ತರಾಗಿರಲಿಲ್ಲ. ತೆಂಡೂಲ್ಕರರು ಕೋಣೆಯೊಳಗೆ ಕಣ್ಣೀರಿಡುತ್ತ, ಪಂದ್ಯಶ್ರೇಷ್ಠ ಪುರಸ್ಕಾರವನ್ನು ಸ್ವೀಕರಿಸಲೂ ಹೊರಬರಲಾರದೆ ಕುಳಿತಿದ್ದ ಆ ಗಳಿಗೆಯಲ್ಲಿ ಹೊರಗಿನವರ ಸಂಕಟವೂ ಅಷ್ಟೇ ತೀವ್ರವಾಗಿದ್ದಿತು. ಸಕ್ಲೇನರು ಎರಡೂ ಇನಿಂಗ್ಸುಗಳಲ್ಲಿ ಐದೈದು ವಿಕೆಟ್ ಪಡೆದುದನ್ನೂ, ಹೊಡೆತ ತಿಂದ ಮೇಲೂ ಎದೆಗುಂದದೆ ಮತ್ತೆ ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟುದನ್ನೂ ಅವರು ಕಣ್ಣಾರೆ ಕಂಡಿದ್ದರು. ಕಂಡುದನ್ನು ಕಂಡಿಲ್ಲವೆನ್ನಲು ಅವರ ರಸಿಕತೆ ಒಪ್ಪಲಿಲ್ಲ. ದುಃಖವನ್ನು ಅಲ್ಲಗಳೆಯದೆ, ಆ ದುಃಖವು ಕಣ್ಣನ್ನು ಕುರುಡುಗೊಳಿಸದಂತೆ ಕಾಪಾಡಿಕೊಂಡುದೇ ಅವರ ಸಾಧನೆ. ಕಡೆಯಲ್ಲಿ ಔಟಾದವರನ್ನು ದೂಷಿಸಲು ಹೊರಟವರಿಗೂ ಉತ್ತರ ಬೇಗನೆ ದೊರೆಯಿತು: ಚೆನ್ನೈಯಲ್ಲಿ ಒಂದು ರನ್ನಿಗೆ ಔಟಾಗಿದ್ದ ಕುಂಬ್ಳೆಯವರು ವಾರದೊಳಗೆ, ದುರಸ್ತಿಗೊಂಡ ಅದೇ ಕೋಟ್ಲಾ ಮೈದಾನದಲ್ಲಿ, ಒಂದೇ ಇನಿಂಗ್ಸಿನ ಹತ್ತು ವಿಕೆಟ್ಟುಗಳನ್ನೂ ತಾವೇ ಪಡೆದರು.

ಇದಕ್ಕೆ ಪ್ರತಿಯಾದ ಚಿತ್ರವನ್ನು ಅದೇ ಫೆಬ್ರವರಿಯಲ್ಲಿ, ಅದೇ ಎದುರಾಳಿಯ ಮುಂದೆ, ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಕಾಣಬೇಕಾಗಿ ಬಂದುದು ದುರ್ದೈವ. ಓಡುತ್ತಿದ್ದ ತೆಂಡೂಲ್ಕರರು ಶೋಯಬ್ ಅಖ್ತರರಿಗೆ ತಾಗಿ, ಕ್ರೀಸನ್ನು ಮುಟ್ಟಲಾರದೆ ರನ್‌ಔಟಾದಾಗ ಗ್ಯಾಲರಿಯಿಂದ ಬಾಟಲಿಗಳು ಬಿದ್ದವು. ತೆಂಡೂಲ್ಕರರೇ ಬಂದು ಸಮಾಧಾನಪಡಿಸಿದ ಮೇಲೆ ಆಟ ಮುಂದುವರಿಯಿತಾದರೂ, ಮರುದಿನ ಗಲಭೆ ಮರುಕಳಿಸಿ, ಪೊಲೀಸರು ಪ್ರೇಕ್ಷಕರೆಲ್ಲರನ್ನೂ ಹೊರಗಟ್ಟಿದರು. ಕೊನೆಯ ವಿಕೆಟ್ ಬಿದ್ದುದು ಬರಿದಾದ ಆಸನಗಳ ನಡುವೆ. ಆ ರನ್‌ಔಟಿನಲ್ಲಿ ಅನ್ಯಾಯದ ಶಂಕೆಗೆ ಎಡೆಯಿದ್ದುದು ನಿಜ. ಅದನ್ನು ಕಂಡು ಮನಸ್ಸು ಕೆರಳಿದುದೂ ಸಹಜ. ಆದರೆ ಆ ಕೆರಳಿಕೆ ನುಂಗಿಹಾಕಿದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೈಸೂರಿನ ಶ್ರೀನಾಥರು ಆ ಪಂದ್ಯದಲ್ಲಿ 132 ರನ್ ಕೊಟ್ಟು 13 ವಿಕೆಟ್ ಪಡೆದಿದ್ದರು. ಅವರ ಬಾಳಿನ ಅತ್ಯಂತ ಶ್ರೇಷ್ಠವಾದ ಈ ಬೌಲಿಂಗು ಸಾಮಾನ್ಯ ಜನರ ನೆನಪಿನಲ್ಲಿ ಗಲಭೆಯ ಕೆಳಗೆ ಹೂತುಹೋಯಿತು. ಪ್ರೇಕ್ಷಕನ ರೋಷವು ಎದುರಾಳಿಗಿಂತ ಹೆಚ್ಚಾಗಿ ತನ್ನವರಿಗೇ ನಷ್ಟವನ್ನುಂಟುಮಾಡುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ರೋಷದ ಮೂಲವನ್ನು ಅರಸುತ್ತ ಹೊರಟರೆ ನಾವು ಸೋಲಿನಲ್ಲಿ ನಿಲ್ಲದೆ ಗೆಲುವಿನ ಬಾಗಿಲಿಗೇ ಬಂದು ಸೇರುತ್ತೇವೆ. 1971ರಲ್ಲಿ ಅಜಿತ್ ವಾಡೇಕರರ ತಂಡವು, ಓವಲಿನಲ್ಲಿ ಚಂದ್ರಶೇಖರರು ಮೆರೆದ ಮಾಯೆಯಿಂದ, ಇಂಗ್ಲೆಂಡಿನಲ್ಲಿ ಪ್ರಪ್ರಥಮ ಬಾರಿಗೆ ಸರಣಿಯನ್ನು ಗೆದ್ದು ಬಂದಾಗ ಇಂದೂರಿನ ಅಭಿಮಾನಿಗಳು ಕಾಂಕ್ರೀಟಿನ ದೊಡ್ಡದೊಂದು ವಿಜಯದ ಬ್ಯಾಟನ್ನು ನಿಲ್ಲಿಸಿದರು. ಮೂರೇ ವರ್ಷದಲ್ಲಿ ಅದೇ ನಾಯಕನ ತಂಡವು ಲಾರ್ಡ್ಸಿನಲ್ಲಿ 42 ರನ್ನುಗಳಿಗೆ ಕುಸಿದು, ಮೂರು ಟೆಸ್ಟುಗಳನ್ನೂ ಸೋತು ಮರಳಿದಾಗ, ಆ ಬ್ಯಾಟು ವಿರೂಪಗೊಂಡಿತು. ನಾಯಕನ ಮನೆಯ ಮೇಲೆ ಕಲ್ಲುಗಳು ಬಿದ್ದವು. ಈ ಎರಡೂ ಕೃತ್ಯಗಳ ಹಿಂದಿನ ಮನೋಧರ್ಮ ಒಂದೇ. ಗೆಲುವಿನಲ್ಲಿ ಆಟಗಾರನನ್ನು ದೇವರೆಂದು ಕೂರಿಸುವವನು, ದೇವರಿಗೆ ಸೋಲಿಲ್ಲವಾದ್ದರಿಂದ, ಸೋತವನನ್ನು ದ್ರೋಹಿಯೆಂದು ಕಾಣದೆ ವಿಧಿಯಿಲ್ಲ. ಮನುಷ್ಯನೊಬ್ಬನು ತನ್ನ ಮಿತಿಗಳೊಡನೆ, ತನ್ನಷ್ಟೇ ಸಮರ್ಥನಾದ ಇನ್ನೊಬ್ಬನ ಎದುರು ಆಡುತ್ತಿದ್ದಾನೆಂಬ ಸರಳ ಸತ್ಯವು ಪೂಜಕನಿಗೂ ಕಾಣದು, ಭಂಜಕನಿಗೂ ಕಾಣದು.

ಹಾಗೆಂದ ಮಾತ್ರಕ್ಕೆ ಪ್ರೇಕ್ಷಕನು ಸೋಲನ್ನು ಕಂಡು ತುಟಿ ಬಿಚ್ಚಬಾರದೆಂದು ಅರ್ಥವಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ, ಮಳೆಯಿಂದ ಮೊದಲ ದಿನವಿಡೀ ತೊಯ್ದುಹೋದ ಮೇಲೆ, ಮೋಡ ಕವಿದ ಬೆಳಗಿನಲ್ಲಿ ಬ್ಯಾಟಿಂಗನ್ನು ಆರಿಸಿಕೊಂಡ ಭಾರತವು ನ್ಯೂಜಿಲೆಂಡಿನ ಎದುರು 46 ರನ್ನುಗಳಿಗೆ ಆಟ ಮುಗಿಸಿತು. ತಾಯ್ನೆಲದಲ್ಲಿ ಅದುವರೆಗೆ ನಮ್ಮವರು ಗಳಿಸಿದ ಮೊತ್ತಗಳಲ್ಲಿ ಅತಿ ಕನಿಷ್ಠವಾದುದು ಅದು. ಆ ನಿರ್ಧಾರವನ್ನು ಪ್ರಶ್ನಿಸಿದವರು ನ್ಯಾಯವನ್ನೇ ಮಾಡಿದರು. ಪಿಚ್ಚನ್ನು ಅಂದಾಜು ಮಾಡುವುದರಲ್ಲಿ ತಪ್ಪಿದೆನೆಂದು ನಾಯಕ ರೋಹಿತ್ ಶರ್ಮಾ ಅವರೂ ಒಪ್ಪಿಕೊಂಡರು. ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ದಂಪತಿಗಳ ಮಗ ರಚಿನ್ ರವೀಂದ್ರರು ಎದುರು ಪಾಳೆಯದಿಂದ 134 ರನ್ ಹೊಡೆದಾಗ ಗ್ಯಾಲರಿಯು ಆದರದಿಂದ ಸ್ಪಂದಿಸಿದುದನ್ನೂ ಮರೆಯಲಾಗದು. ಆದರೆ ಪಂದ್ಯ ಮುಗಿದು ಮೈದಾನ ಖಾಲಿಯಾದ ಮೇಲೆ, ಕೈಯಲ್ಲಿನ ಫೋನುಗಳಲ್ಲಿ ಬೇರೊಂದು ವಿಚಾರಣೆ ನಡೆಯಿತು. ಎರಡು ಇನಿಂಗ್ಸುಗಳಿಂದ 12 ರನ್ ಮಾತ್ರ ಗಳಿಸಿದ ಕೆ. ಎಲ್. ರಾಹುಲರನ್ನು, ಅವರ ಊರಿನ ಜನರೂ ಸೇರಿಕೊಂಡು, ಆಟಕ್ಕೆ ಸಂಬಂಧವಿಲ್ಲದ ಮಾತುಗಳಿಂದ ನೋಯಿಸಿದರು. ಟೀಕೆಗೂ ನಿಂದೆಗೂ ಇರುವ ಅಂತರ ಇಲ್ಲಿಯೇ ಇದೆ: ಟೀಕೆಯು ಎಸೆತ, ಹೆಜ್ಜೆ, ನಿರ್ಧಾರ, ಆಯ್ಕೆಗಳನ್ನು ಹೆಸರಿಸಿ ಮಾತನಾಡುತ್ತದೆ, ಆದುದರಿಂದ ತಿದ್ದಿಕೊಳ್ಳಲು ದಾರಿ ತೋರುತ್ತದೆ; ನಿಂದೆಯು ಮನುಷ್ಯನನ್ನೇ ಹಿಡಿದು ಜಗ್ಗುತ್ತದೆ, ಮತ್ತು ಅದರಿಂದ ಒಂದು ರನ್ನೂ ಹೆಚ್ಚಾಗದು.

ನಿಂದೆಯು ಅನ್ಯಾಯವಾದುದಷ್ಟೇ ಅಲ್ಲ, ಬಹುಮಟ್ಟಿಗೆ ತಪ್ಪಾದ ತೀರ್ಪೂ ಆಗಿರುತ್ತದೆ. 2020ರ ಡಿಸೆಂಬರ್ 19ರಂದು ಅಡಿಲೇಡಿನಲ್ಲಿ ಭಾರತವು 36 ರನ್ನುಗಳಿಗೆ ಕುಸಿಯಿತು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಎರಡಂಕಿಯನ್ನು ಮುಟ್ಟಲಿಲ್ಲ. ಈ ತಂಡದ ಕಥೆ ಮುಗಿಯಿತೆಂದು ಅಂದು ಸಾರಿದವರಿಗೆ ಲೆಕ್ಕವಿಲ್ಲ. ಸರಿಯಾಗಿ ಒಂದು ತಿಂಗಳು ಕಳೆದು, ಜನವರಿ 19ರಂದು, ಅರ್ಧಕ್ಕರ್ಧ ಆಟಗಾರರು ಗಾಯಗೊಂಡು ಹೊರಗುಳಿದಿದ್ದರೂ, ಆ ತಂಡವೇ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯವನ್ನು ಮಣಿಸಿ ಸರಣಿಯನ್ನು ಗೆದ್ದುಕೊಂಡಿತು. ಆಟಗಾರರು ಆ ತಿಂಗಳಲ್ಲಿ ತಮ್ಮ ಸೋಲನ್ನು ಓದಿಕೊಂಡಿದ್ದರು. ತೀರ್ಪು ಕೊಟ್ಟವರು ಓದುವ ಮೊದಲೇ ಪುಸ್ತಕವನ್ನು ಮುಚ್ಚಿಬಿಟ್ಟಿದ್ದರು.

ಆದ್ದರಿಂದ ನಮ್ಮ ಕ್ರಿಕೆಟ್ ಪ್ರೇಕ್ಷಕತ್ವದ ಬಗೆಗೆ ನನ್ನ ಮೌಲ್ಯನಿರ್ಣಯ ಮಿಶ್ರವಾದುದು: ಪ್ರೀತಿಯಲ್ಲಿ ಅದು ಜಗತ್ತಿನಲ್ಲಿ ಯಾರಿಗೂ ಕಡಿಮೆಯಲ್ಲ, ಆದರೆ ಆ ಪ್ರೀತಿಗೆ ಇನ್ನೂ ಶಿಕ್ಷಣ ಸಾಲದು. ಚೆಪಾಕಿನಲ್ಲಿ ತೋರಿದುದು ಹುಟ್ಟಿನಿಂದ ಬಂದ ಗುಣವಲ್ಲ. ತಲೆಮಾರುಗಳ ಕಾಲ ಸ್ಪಿನ್ನಿನ ಸೂಕ್ಷ್ಮಗಳನ್ನು ಗಮನಿಸುತ್ತ, ತಮ್ಮವರದೋ ಹೊರಗಿನವರದೋ ಎಂದು ನೋಡದೆ ಒಳ್ಳೆಯ ಆಟವನ್ನು ಗುರುತಿಸುತ್ತ ಬೆಳೆಸಿಕೊಂಡ ಅಭ್ಯಾಸ. ಅಭ್ಯಾಸದಿಂದ ಬಂದುದನ್ನು ಇತರರೂ ಕಲಿಯಬಹುದು. ಮಕ್ಕಳಿಗೆ ಬ್ಯಾಟ್ ಹಿಡಿಯಲು ಕಲಿಸುವ ಹಿರಿಯರು, ಮನೆಯಲ್ಲಿ ಕೂಡಿ ಪಂದ್ಯ ನೋಡುವಾಗ, ಎದುರಾಳಿಯು ಏಕೆ ಗೆದ್ದನೆಂಬುದನ್ನು ವಿವರಿಸಲೂ ಕಲಿತರೆ, ನಮ್ಮ ಮೈದಾನಗಳಲ್ಲಿ ಸೋತ ಸಂಜೆಯೂ ಸಾರ್ಥಕವಾದೀತು.