ಆಲಿವ್ ಎಣ್ಣೆಯ ಜಾಗಕ್ಕೆ ಯಾವ ಎಣ್ಣೆ?

ಮನೆಯಲ್ಲಿ ಸೋಪು ಮಾಡುವುದನ್ನು ಕಲಿಸುವವರ ಬಾಯಲ್ಲಿ ಮೊದಲು ಬರುವುದೇ ಆಲಿವ್ ಎಣ್ಣೆ. ಸ್ಪೇನಿನ ಕ್ಯಾಸ್ಟೈಲ್, ಫ್ರಾನ್ಸಿನ ಮಾರ್ಸೇ, ಸಿರಿಯಾದ ಅಲೆಪ್ಪೊ, ಹೀಗೆ ಹೆಸರಾಂತ ಹಳೆಯ ಸೋಪುಗಳು ಆಲಿವ್ ಬೆಳೆಯುವ ಸೀಮೆಯವು. ಅಲ್ಲಿಯವರು ತಮ್ಮ ನೆಲದಲ್ಲಿ ಸಿಕ್ಕಿದ್ದನ್ನು ಬಳಸಿದರು. ಅದೇ ಪಾಕವನ್ನು ನಾವು ಆಮದು ಬಾಟಲಿ ಕೊಂಡು ತಂದು ಚಾಚೂ ತಪ್ಪದೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ದುಡ್ಡಿನ ಮಾತು ಹಾಗಿರಲಿ, ನೀರನ್ನಾದರೂ ನೋಡಬೇಕಲ್ಲ! ಬರೀ ಆಲಿವ್ ಎಣ್ಣೆಯ ಸೋಪು ನೊರೆ ಬಿಡುವುದೇ ಕಡಿಮೆ, ಬಿಟ್ಟರೂ ಲೋಳೆ ಲೋಳೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದೂ ಒಡೆದು, ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡಾಗಿ ಅಂಟುತ್ತದೆ.

ಆದರೆ ಆಲಿವ್ ಬಿಟ್ಟವರು ಕೈಗೆ ಸಿಕ್ಕ ಎಣ್ಣೆ ಸುರಿಯುವುದೂ ಸರಿಯಲ್ಲ. ಆಲಿವ್ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 70ರ ಆಸುಪಾಸು ಇರುವುದು ಓಲಿಯಿಕ್ ಆಮ್ಲ. ಸೋಪು ಚರ್ಮಕ್ಕೆ ಹಿತವಾಗಿರುವುದು, ಬೇಗ ಕೆಡದಿರುವುದು ಅದರಿಂದ. ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್ ಆಮ್ಲ. ಕುಸುಬಿ ಎಣ್ಣೆಯಲ್ಲಿ ಇನ್ನೂ ಹೆಚ್ಚು. ಇವುಗಳನ್ನೇ ನೆಚ್ಚಿ ಮಾಡಿದ ಸೋಪು ಮೆತ್ತಗಾಗುತ್ತದೆ; ಕೆಲವು ತಿಂಗಳಲ್ಲಿ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದು, ಒರಟು ಕಾಗದದಲ್ಲಿ ಸುತ್ತಿಟ್ಟರೂ ಕಮಟು ವಾಸನೆ ಹೊಡೆಯುತ್ತದೆ. ನೂರಕ್ಕೆ ಹತ್ತು ಹದಿನೈದು ಪಾಲು ಮೀರದಿದ್ದರೆ ಚಿಂತೆಯಿಲ್ಲ. ಕಡಲೆಕಾಯಿ ಎಣ್ಣೆ, ಅಕ್ಕಿ ತೌಡಿನ ಎಣ್ಣೆ ಇವಕ್ಕಿಂತ ಎಷ್ಟೋ ವಾಸಿ. ಆದರೂ ಒಂದೊಂದೇ ನಿಂತು ಆಲಿವ್‌ನ ಕೆಲಸ ಮಾಡಲಾರವು.

ನನ್ನ ಒಲವು ಹಿಪ್ಪೆ ಎಣ್ಣೆಯ ಕಡೆಗೆ. ಓಲಿಯಿಕ್ ಆಮ್ಲ ಆಲಿವ್‌ನಷ್ಟಿಲ್ಲ ನಿಜ. ಆದರೆ ಸೋಪನ್ನು ಗಟ್ಟಿ ಮಾಡುವ ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳು ಇದರಲ್ಲಿ ಧಾರಾಳ. ಚಳಿಗಾಲದಲ್ಲಿ ಡಬ್ಬಿಯಲ್ಲೇ ತುಪ್ಪದಂತೆ ಹೆಪ್ಪುಗಟ್ಟುವುದೂ ಇದಕ್ಕೇ. ದೀಪಕ್ಕೂ ಸೋಪಿಗೂ ಬಳಕೆಯಲ್ಲಿದ್ದ ಈ ಎಣ್ಣೆಯನ್ನು ಹೊಸದಾಗಿ ಸೋಪು ಮಾಡುವವರು ಕಣ್ಣೆತ್ತಿ ನೋಡದಿರುವುದು ನನಗೆ ಬೇಸರದ ಸಂಗತಿ. ಹೊಂಗೆ ಎಣ್ಣೆಯಲ್ಲೂ ಓಲಿಯಿಕ್ ಆಮ್ಲ ಚೆನ್ನಾಗಿದೆ, ಆದರೆ ಅದರ ಕಂದು ಬಣ್ಣ, ಘಾಟು ಎರಡೂ ಸೋಪಿನಲ್ಲಿ ಉಳಿಯುತ್ತವೆ. ಬಟ್ಟೆ ಒಗೆಯುವ ಸೋಪಿಗೆ ಅದು ಇರಲಿ. ಉತ್ತರ ಕನ್ನಡದ ಮುರುಗಲ ತುಪ್ಪ ತೀರಾ ಗಟ್ಟಿ. ಸ್ವಲ್ಪ ಬೆರೆಸಿದರೆ ಸಾಕು.

ನಾನು ಸೂಚಿಸುವ ಅಳತೆ ಹೀಗಿದೆ: ನೂರು ಪಾಲಿನಲ್ಲಿ ಕಡಲೆಕಾಯಿ ಎಣ್ಣೆ 35, ಹಿಪ್ಪೆ 30, ಕೊಬ್ಬರಿ ಎಣ್ಣೆ 28, ಹರಳೆಣ್ಣೆ 7. ಗಡಸು ನೀರಿನಲ್ಲೂ ನೊರೆ ಎಬ್ಬಿಸುವುದು ಕೊಬ್ಬರಿ ಎಣ್ಣೆ, ಆ ನೊರೆಯನ್ನು ಹಿಡಿದು ನಿಲ್ಲಿಸುವುದು ಹರಳೆಣ್ಣೆ. ಕೊಬ್ಬರಿ ಎಣ್ಣೆ ಇದಕ್ಕಿಂತ ತುಂಬಾ ಹೆಚ್ಚಾದರೆ ಚರ್ಮ ಬಿರಿಯುತ್ತದೆ.

ಎಣ್ಣೆ ಬದಲಾದರೆ ಕಾಸ್ಟಿಕ್ ಸೋಡಾದ ತೂಕವೂ ಬದಲಾಗಲೇಬೇಕು. 100 ಗ್ರಾಂ ಆಲಿವ್ ಎಣ್ಣೆಗೆ ಸುಮಾರು 13.5 ಗ್ರಾಂ ಸೋಡಾ ಬೇಕು, ಅಷ್ಟೇ ಕೊಬ್ಬರಿ ಎಣ್ಣೆಗೆ ಸುಮಾರು 18.3 ಗ್ರಾಂ, ಹರಳೆಣ್ಣೆಗೆ 12.8. ಕೊಬ್ಬರಿ ಎಣ್ಣೆಯ ಲೆಕ್ಕದ ಸೋಡಾವನ್ನು ಬೇರೆ ಎಣ್ಣೆಗೆ ಹಾಕಿದರೆ ಮಿಕ್ಕ ಸೋಡಾ ಮೈ ಸುಡುತ್ತದೆ. ಎಣ್ಣೆಗಳನ್ನು ಬೇರೆ ಬೇರೆ ತೂಗಿ, ಒಂದೊಂದರ ಸೋಡಾ ಕೂಡಿಸಿ, ಮೊತ್ತದಲ್ಲಿ ಶೇ. 5ರಷ್ಟು ಕಳೆದು ಹಾಕಬೇಕು. ಈ ಲೆಕ್ಕ ಹೇಳದೆ, ಆಲಿವ್ ಬದಲು ಯಾವ ಎಣ್ಣೆಯಾದರೂ ನಡೆಯುತ್ತದೆ ಎಂದು ಕಲಿಸುವವರಿಂದ ಸೋಪು ಕಲಿಯಬೇಡಿ.